ಜೀಪಿನಲ್ಲೇ ಕುಳಿತಿದ್ದ ಅಪ್ಪ

ಮಗಳು ಶಾಲೆಯ ಮೈದಾನದಲ್ಲಿ ಓಡುತ್ತಾ ತಲೆತಿರುಗಿ ಬಿದ್ದದ್ದು ಒಂದೇ ಸಲ. ಬಿಸಿಲಿಗೆ ಆಗಿರಬೇಕೆಂದು ನಾನು ಶರಬತ್ತು ಕುಡಿಸಿ ಸುಮ್ಮನಾಗಿದ್ದೆ. ಪುತ್ತೂರಿನ ಡಾಕ್ಟರು ಬಿಡಲಿಲ್ಲ, ಜೀನ್ ಪರೀಕ್ಷೆಯನ್ನೇ ಮಾಡಿಸಿದರು. ಹೃದಯಕ್ಕೆ ಸಂಬಂಧಿಸಿದ ಒಂದು ಜೀನಿನಲ್ಲಿ ಏನೋ ವ್ಯತ್ಯಾಸ ಕಂಡಿತು. ಅದು ರೋಗದ್ದಾದರೆ ಎದೆಯೊಳಗೆ ಯಂತ್ರ ಇಡಬೇಕು. ಗೊತ್ತಾಗುವವರೆಗೆ ಅವಳು ಓಡಬಾರದು. ರೋಗದ್ದು ಹೌದೋ ಅಲ್ಲವೋ ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ.

"ಜೀನಿನ ದಾಖಲೆಯಲ್ಲಿ ಇರುವವರು ಹೆಚ್ಚಿನವರು ಯುರೋಪಿನ ಕಡೆಯವರು. ನಮ್ಮ ಊರಿನವರ ರಕ್ತ ಯಾರೂ ನೋಡಿದ್ದೇ ಇಲ್ಲ" ಎಂದರು.

ನನಗೆ ಮೈಯೆಲ್ಲ ಉರಿಯಿತು. "ಮತ್ತೆ ನಾವೆಂತ, ಲೆಕ್ಕಕ್ಕೇ ಇಲ್ಲದವರಾ?"

ಪಾಪ, ಅವರು ಕೋಪಿಸಿಕೊಳ್ಳಲಿಲ್ಲ. "ಈಗ ಸೇರುವ. ನಿಮ್ಮ ಕುಟುಂಬದವರನ್ನು ಕರ್ಕೊಂಡು ಬನ್ನಿ."

ಕುಟುಂಬವೆಂದರೆ ತುಳುವರಾದ ನಮಗೆ ತಾಯಿಯ ಕಡೆ. ವಂಶ ಇಳಿಯುವುದು ಹೆಣ್ಣಿನಿಂದ. ನಾವದನ್ನು ಬಳಿ ಎನ್ನುತ್ತೇವೆ. ಮಕ್ಕಳು ನನ್ನ ಬಳಿಯವರು, ಗಂಡನದು ಬೇರೆ ಬಳಿ. ನಮ್ಮ ಮನೆಯ ದೈವಕ್ಕೆ ತಂಬಿಲದ ಪೂಜೆ ಕೊಡುವ ದಿನ ಇವರು ನೆಂಟರ ಸಾಲಿನಲ್ಲಿ ಉಂಡು ಏಳುವವರು. ಹಾಗಾಗಿ ಅಮ್ಮ, ಅಣ್ಣ, ಚಿಕ್ಕಮ್ಮಂದಿರು ಎಲ್ಲರನ್ನೂ ಜೀಪಿನಲ್ಲಿ ತುಂಬಿಕೊಂಡು ಹೋದೆವು. ಜೀಪು ಓಡಿಸಿದ್ದು ಇವರೇ.

ಎಲ್ಲರ ರಕ್ತ ತೆಗೆದಾದ ಮೇಲೆ ಡಾಕ್ಟರು ಸುತ್ತ ನೋಡಿದರು. "ಮಗುವಿನ ಅಪ್ಪ ಎಲ್ಲಿ?"

"ಜೀಪಿನಲ್ಲಿ ಇದ್ದಾರೆ. ಅವರು ಕುಟುಂಬದವರಲ್ಲ ಮೇಡಂ" ಎಂದ ಅಣ್ಣ, ಬಹಳ ಗಂಭೀರವಾಗಿ.

ಡಾಕ್ಟರು ಸುಳ್ಯದ ಅರೆಭಾಷೆ ಆಡುವ ಮನೆಯವರು, ಅವರಲ್ಲಿ ವಂಶ ಅಪ್ಪನಿಂದ. ತಲೆಗೆ ಕೈ ಇಟ್ಟುಕೊಂಡರು. "ಅಯ್ಯೋ ಮಾರಾಯ್ರೆ, ಅರ್ಧ ಜೀನು ಅವರದ್ದೇ ಅಲ್ವಾ! ಕರೀರಿ ಬೇಗ."

ಫಲಿತಾಂಶ ಬಂತು. ನಮ್ಮ ಕಡೆ ಒಬ್ಬರಲ್ಲೂ ಇಲ್ಲ. ಇವರಲ್ಲಿ ಇತ್ತು.

"ನಾನು ಹೇಳಿದ್ದೆ, ಅದು ಆ ಕಡೆಯದ್ದು" ಎಂದ ಅಣ್ಣ. ಅವನು ಹಾಗೆ ಹೇಳಿಯೇ ಇರಲಿಲ್ಲ. ಅವನ ಬಾಯಿಗಿಷ್ಟು ಮಣ್ಣು ಹಾಕ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಇವರು ಮಾತ್ರ ಅಂದಿನಿಂದ ಮಗಳ ಮುಖ ನೋಡುವುದನ್ನೇ ಬಿಟ್ಟರು. ಅವಳು ಉಣ್ಣಲು ಕುಳಿತರೆ ಇವರಿಗೆ ಕೊಟ್ಟಿಗೆಯಲ್ಲಿ ಏನಾದರೂ ಕೆಲಸ.

"ನಾನೇ ಅಲ್ವಾ ಕೊಟ್ಟದ್ದು" ಎಂದರು ಒಂದು ದಿನ.

"ಕೊಟ್ಟದ್ದಲ್ಲ, ಬಂದದ್ದು. ಸುಮ್ಮನೆ ಬಂದು ಉಣ್ಣಿ" ಎಂದು ಗದರಿದೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ಇವರಿಗೆ ಅದು ಎಲ್ಲಿಂದ ಬಂತು ಎಂದು ನೋಡಬೇಕಿತ್ತು. ಇವರ ಅಮ್ಮ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಮಾವ ಕಾಣಿಯೂರಿನಲ್ಲಿದ್ದಾರೆ, ಎಂಬತ್ತು ದಾಟಿದರೂ ಗುಡ್ಡ ಹತ್ತಿ ಸೊಪ್ಪಿನ ಹೊರೆ ತರುವ ಜನ. ಕೇಳಲು ಹೋದರೆ ಅವರದೂ ಅದೇ ರಾಗ.

"ನನ್ನ ರಕ್ತ ಎಂತಕ್ಕೆ? ಮಗನೇ ನನ್ನ ಬಳಿಯವನಲ್ಲ. ಮತ್ತೆ ಮೊಮ್ಮಗಳು ಹೇಗೆ ಆಗುದು?"

"ಬಳಿ ಆಮೇಲೆ ನೋಡುವ ಮಾವ, ಮೊದಲು ತೋಳು ಚಾಚಿ!" ನನ್ನ ದನಿಗೆ ಹೆದರಿಯೇ ಇರಬೇಕು, ಅಂಗಿ ಹಾಕಿಕೊಂಡು ಹೊರಟರು.

ಅವರಲ್ಲೂ ಅದೇ ವ್ಯತ್ಯಾಸ. ಹೃದಯಕ್ಕೆ ಮಾತ್ರ ಏನೂ ಆಗಿರಲಿಲ್ಲ, ಕಗ್ಗಲ್ಲಿನ ಹಾಗೆ ಗಟ್ಟಿ. ಅದು ಇದ್ದೂ ಗಟ್ಟಿಯಾಗಿರುವ ಮುದುಕರು ಇನ್ನೂ ಸಿಕ್ಕಿದರೆ ಮಾತ್ರ ರೋಗದ್ದಲ್ಲ ಎನ್ನಬಹುದಂತೆ, ಡಾಕ್ಟರಿಗೆ ಒಬ್ಬರು ಸಾಲದು. ಕಾಣಿಯೂರಿನಲ್ಲೇ ಶಿಬಿರ ಇಟ್ಟರು. ಮಾವ ಮನೆಮನೆಗೆ ಹೋಗಿ, "ಮೊಮ್ಮಗಳಿಗೆ ಬೇಕು, ಬನ್ನಿ" ಎಂದು ಮುದುಕರನ್ನೆಲ್ಲ ಎಬ್ಬಿಸಿಕೊಂಡು ಬಂದರು. ಗಟ್ಟಿಮುಟ್ಟಾದ ಇನ್ನೂ ಕೆಲವರಲ್ಲಿ ಅದು ಸಿಕ್ಕಿತು.

ಕೊನೆಗೆ ಡಾಕ್ಟರು ನಮ್ಮಿಬ್ಬರನ್ನೂ ಮಗಳನ್ನೂ ಕೂರಿಸಿಕೊಂಡು ಹೇಳಿದರು: "ಇದು ರೋಗದ್ದಲ್ಲ. ಈ ಕಡೆಯವರಲ್ಲಿ ಹೀಗೂ ಇರ್ತದೆ, ಅಷ್ಟೇ. ಮೊದಲೇ ಯಾರಾದರೂ ನೋಡಿದ್ದರೆ ನಿಮಗೆ ಇಷ್ಟು ಸಂಕಟವೇ ಇರಲಿಲ್ಲ. ಅವಳು ಬಿದ್ದದ್ದು ಬಿಸಿಲಿಗೇ ಇರಬೇಕು. ಯಂತ್ರ ಬೇಡ."

ಬರುವಾಗ ಇವರು ನಮ್ಮ ಮನೆಗೆ ತಿರುಗುವ ಮಣ್ಣಿನ ರಸ್ತೆಯಲ್ಲಿ ಜೀಪು ನಿಲ್ಲಿಸಿ, ಎಷ್ಟೋ ತಿಂಗಳ ಮೇಲೆ ಮಗಳ ಮುಖವನ್ನು ನೇರ ನೋಡಿದರು.

"ಇಳಿ ಮಗಾ" ಎಂದರು. "ಮನೆವರೆಗೆ ಓಡು."