ಟಾಪ್ ಇಳಿಸಲು ಬಂದ ಕಾರು

ನನ್ನ ತಮ್ಮನ ಕೈಕೆಲಸ ನನ್ನದಕ್ಕಿಂತ ಚೆನ್ನ. ಇದನ್ನು ಬಾಯಿಬಿಟ್ಟು ಹೇಳಲು ನನಗೆ ಮುಪ್ಪು ಬರಬೇಕಾಯಿತು, ಅದೂ ಅವನ ಒಂದು ಕೆಲಸವನ್ನು ಕೆಡಿಸಿದ ಮೇಲೆ.

ಅಂಕೋಲೆಯಲ್ಲಿ ಹೆದ್ದಾರಿಗೆ ತಾಗಿ ನಮ್ಮ ಟಿಂಕರಿಂಗ್ ಗ್ಯಾರೇಜು. ಗುದ್ದಿಸಿಕೊಂಡು ಬಂದ ಕಾರು, ಟೆಂಪೊಗಳ ತಗಡು ಬಡಿದು ಸರಿಮಾಡುವುದು, ತುಕ್ಕು ತಿಂದಲ್ಲಿ ತೇಪೆ ಬೆಸೆಯುವುದು ಕೆಲಸ. ಹೈಸ್ಕೂಲು ಮುಗಿಸಿ ಮೊದಲು ಇದಕ್ಕಿಳಿದವನು ನಾನು. ನನಗಿಂತ ತುಂಬ ಚಿಕ್ಕವನಾದ ತಮ್ಮನಿಗೆ ವೆಲ್ಡಿಂಗ್ ಕಲಿಸಿದವನೂ ನಾನೇ. ಆದರೆ ಕೆಲವು ವರ್ಷಗಳಿಂದ ಗಿರಾಕಿಗಳು ಬಂದವರೇ "ಸಣ್ಣವ್ರು ಇಲ್ವಾ?" ಎಂದು ಕೇಳುತ್ತಿದ್ದರು. ನಾನು ಅವರ ಎದುರಿಗೇ ಕುಳಿತಿರುತ್ತಿದ್ದೆ.

ಒಂದು ಮಳೆಗಾಲ ಕಳೆದ ಮೇಲೆ ಕಾರವಾರದ ಒಬ್ಬರು, ಹಡಗಿನ ಇಂಜಿನಿಯರಾಗಿದ್ದು ನಿವೃತ್ತರಾದವರು, ಹಳೆಯ ಕೂಪೆ ಕಾರೊಂದನ್ನು ಲಾರಿಯಲ್ಲಿ ತಂದಿಳಿಸಿದರು. ಎರಡೇ ಬಾಗಿಲು, ಎತ್ತರದ ಟಾಪು. ಗೋವೆಯ ಯಾವುದೋ ಮನೆಯ ಹಿಂದೆ ಬಿದ್ದಿತ್ತಂತೆ. ಅದನ್ನು ಹಾಟ್ ರಾಡ್ ಮಾಡಬೇಕೆಂದರು. ಹಿಂದೆ ಅಮೆರಿಕದ ಹುಡುಗರು ಹಳೆ ಕಾರುಗಳ ಟಾಪು ಕೊಯ್ದು ತಗ್ಗಿಸಿ, ದೊಡ್ಡ ಇಂಜಿನು ಕೂರಿಸಿ ಓಡಿಸುತ್ತಿದ್ದರಂತೆ. ಅದೇ ರೀತಿ ಆಗಬೇಕು, ರಸ್ತೆಗಲ್ಲ, ಪ್ರದರ್ಶನಕ್ಕೆ. ಕಿಟಕಿ ಕಂಬಗಳಲ್ಲಿ ನಾಲ್ಕು ಬೆರಳಿನಷ್ಟು ತೆಗೆದು ಟಾಪನ್ನು ಕೆಳಗಿಳಿಸಿ ಬೆಸೆಯುವುದು ನಮ್ಮ ಪಾಲಿನ ಕೆಲಸ. ಇದನ್ನೆಲ್ಲ ಅವರು ವಿವರಿಸಿದ್ದು ತಮ್ಮನಿಗೆ. ನನಗೆ ಹೇಳಿದ್ದು, "ನೀವು ಕೂತ್ಕಳ್ಳಿ ಅಜ್ಜಾ" ಎಂದಷ್ಟೇ. ಅವರಿಗೂ ನನಗೂ ಐದಾರು ವರ್ಷದ ಅಂತರವಿದ್ದೀತು.

ತಮ್ಮನು ಮಾವಿನಹಣ್ಣಿನ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ, ಕಂಬಗಳ ಅಳತೆಗೆ ನಮೂನೆ ಕತ್ತರಿಸಿಕೊಂಡ. ಮುಂದಿನ ಕಂಬ ಹಿಂದಕ್ಕೆ ಓರೆ, ಹಿಂದಿನದು ಮುಂದಕ್ಕೆ ಓರೆ. ಇಳಿಸಿದಾಗ ಟಾಪಿನ ಉದ್ದ ಸಾಲುವುದಿಲ್ಲ, ನಡುವೆ ಸೀಳಿ ತಗಡಿನ ಪಟ್ಟಿ ಸೇರಿಸಬೇಕು ಎಂದು ಅವನೇ ಕಂಡುಕೊಂಡ. ನನಗದು ಹೊಳೆದಿರಲಿಲ್ಲ. ಪಕ್ಕದ ಅಂಗಡಿಯಿಂದ ಚಹದ ಗ್ಲಾಸು ಹಿಡಿದುಕೊಂಡೇ ಜನ ಬಂದು ಅವನ ಸುತ್ತ ನಿಲ್ಲುತ್ತಿದ್ದರು.

"ಇಂವಾ ಕಾರಿಗೆ ಕ್ಷೌರ ಮಾಡ್ತಾ ಮಾರಾಯಾ."

"ತಲೆ ತೆಗ್ಯೂದು ಸುಲಭ. ಕೂಡ್ಸೂದು ಯಾರು, ನಿನ್ನಪ್ಪನಾ?"

ನಾನೂ ನಕ್ಕಂತೆ ಮಾಡುತ್ತಿದ್ದೆ. ಮನೆಗೆ ಹೋದರೆ ಊಟ ಸೇರುತ್ತಿರಲಿಲ್ಲ. ಹೆಂಡತಿ ಪಿತ್ತವೆಂದು ಮುರುಗಲ ಸಿಪ್ಪೆ ನೆನೆಸಿದ ನೀರು ಕುಡಿಸಿದಳು. ಪಿತ್ತವಲ್ಲವೆಂದು ನನಗೆ ಗೊತ್ತಿತ್ತು.

ಒಂದು ವಿಷಯ ಮಾತ್ರ ತಮ್ಮನಿಗೆ ಖಚಿತವಿರಲಿಲ್ಲ. ಟಾಪು ತೆಗೆದ ಕೂಡಲೇ ಕೆಳಗಿನ ಬಾಡಿಯ ಹಿಡಿತ ತಪ್ಪಿ ಅದು ಅಗಲವಾಗುತ್ತದೆ. ಅದಕ್ಕೇ ಕೊಯ್ಯುವ ಮೊದಲು ಒಳಗೆ ಅಡ್ಡಡ್ಡ ಕಬ್ಬಿಣದ ಪೈಪು ಬೆಸೆದು ಬಿಗಿ ಮಾಡಿಕೊಳ್ಳಬೇಕು. ಪ್ರಾಯದಲ್ಲಿ ಬಸ್ಸಿನ ಬಾಡಿ ಕಟ್ಟುವಲ್ಲಿದ್ದಾಗ ನಾನು ಕಲಿತದ್ದು. ಅವನು ಬಂದು ಕೇಳಿದ.

"ಅಣ್ಣಾ, ಒಳ್ಗೆ ಪೈಪ್ ಕೊಡೂದು ಬೇಕಾ?"

"ಎಂತಕ್ಕೆ? ಹಳೆ ಕಾಲದ ತಗಡು, ಗಟ್ಟಿ ಅದೆ."

"ಖರೇನಾ?"

"ನಂಗೇ ಹೇಳ್ಕೊಡ್ತ್ಯಾ ನೀನು?"

ಅವನು ತಂದಿಟ್ಟಿದ್ದ ಪೈಪುಗಳನ್ನು ಗೋಡೆಗೆ ಒರಗಿಸಿಟ್ಟ.

ನಮ್ಮ ಗ್ಯಾರೇಜಿನಲ್ಲಿ ದೊಡ್ಡ ಕೆಲಸವಾದರೆ ಮೊದಲ ಕಟಿಂಗ್ ಹಿರಿಯರ ಕೈಯಿಂದಲೇ ಆಗಬೇಕು. ತಮ್ಮನು ತೆಂಗಿನಕಾಯಿ ಒಡೆದು, ತಗಡು ಕೊಯ್ಯುವ ಗ್ರೈಂಡರಿಗೆ ಕುಂಕುಮ ಹಚ್ಚಿ, ಅದನ್ನು ನನ್ನ ಕೈಗೆ ಕೊಟ್ಟು ಕಾಲು ಮುಟ್ಟಿದ. ಆಗಲಾದರೂ ಹೇಳಬಹುದಿತ್ತು. ಹೇಳದೆ ಗ್ರೈಂಡರಿನ ಗುಂಡಿ ಒತ್ತಿದೆ. ಎಡಗಡೆಯ ಮುಂದಿನ ಕಂಬವನ್ನು ಕೊಯ್ದವನು ನಾನೇ.

ಉಳಿದದ್ದನ್ನು ಅವನು ಕೊಯ್ದ. ಟಾಪು ಎತ್ತಿ ಹಳೆ ಟಯರುಗಳ ಮೇಲಿಟ್ಟು ಬಂದು ನೋಡಿದರೆ ಕಾರಿನ ಎರಡೂ ಮಗ್ಗುಲು ಹೊರಕ್ಕೆ ವಾಲಿದ್ದವು. ಬಾಗಿಲು ಹಾಕಿದರೆ ಚಿಲಕ ಕೂಡಲಿಲ್ಲ. ಟಾಪನ್ನು ಮತ್ತೆ ತಂದು ಹಿಡಿದರೂ ಯಾವ ಕಂಬಕ್ಕೂ ಸೇರಲಿಲ್ಲ. ಚಹದ ಗ್ಲಾಸಿನವರು ಒಬ್ಬೊಬ್ಬರಾಗಿ ಜಾರಿಕೊಂಡರು. ಬಾಗಿಲು ತೆಗೆಯುತ್ತ, ಹಾಕುತ್ತ ತಮ್ಮ ನಿಂತಿದ್ದ. ಇವನೂ ಸೋತನಲ್ಲ ಎಂದು ನನ್ನ ಎದೆ ತಣ್ಣಗಾಯಿತು. ಹೇಳಿದ ಸುಳ್ಳಿಗಿಂತ ಹೀಗೆ ತಣ್ಣಗಾದದ್ದೇ ನನ್ನನ್ನು ಇಂದಿಗೂ ಸುಡುತ್ತದೆ.

ಸುದ್ದಿ ತಿಳಿದು ಇಂಜಿನಿಯರು ಕಾರವಾರದಿಂದ ಬಂದರು. "ಪೈಪ್ ಇಲ್ದೆ ಕೊಯ್ಯೂಕೆ ಯಾರು ಹೇಳಿದ್ರು?" ಎಂದರು.

"ಯಾರೂ ಇಲ್ಲ ಸಾಹೇಬ್ರೆ," ಎಂದ ತಮ್ಮ. "ಅಣ್ಣಂಗೆ ಒಂದ್ಮಾತು ಕೇಳ್ಬೇಕಾಗಿತ್ತು. ಕೇಳ್ಲಿಲ್ಲ."

ನಾನು ಅಲ್ಲೇ ಇದ್ದೆ. ಅವರು ಕಾರನ್ನೂ ಟಾಪನ್ನೂ ಬೇರೆಬೇರೆಯಾಗಿ ಲಾರಿಗೆ ಹೇರಿಸಿಕೊಂಡು ಗೋವೆಯ ಯಾರೋ ಕೆಲಸಗಾರನ ಕಡೆ ಹೋದರು. ಅಂಥ ಕೆಲಸ ತಮ್ಮನ ಕೈಗೆ ಮತ್ತೆ ಬರಲಿಲ್ಲ.

ಈ ವರ್ಷ ಚೌತಿ ಕಳೆದ ಮೇಲೆ ತಡೆಯಲಾಗಲಿಲ್ಲ. ಟೆಂಪೊದ ಬಾಗಿಲು ಬೆಸೆಯುತ್ತಿದ್ದವನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವನು ವೆಲ್ಡಿಂಗ್ ನಿಲ್ಲಿಸಿ ಕಣ್ಣಿಗೆ ಹಿಡಿದಿದ್ದ ಕಪ್ಪು ಗಾಜನ್ನು ಕೆಳಗಿಟ್ಟ.

"ಗೊತ್ತಿದ್ದೇ ಹೇಳ್ಲಿಲ್ವಾ?"

"ಹೌದು."

"ಹೊಟ್ಟೆಕಿಚ್ಚಾ, ಅಣ್ಣಾ? ನನ್ ಮೇಲಾ?"

"ಹೌದು," ಎಂದೆ.

ಅವನು ಕೈ ಒರೆಸಿಕೊಂಡು ಇಬ್ಬರಿಗೂ ಚಹ ಹೇಳಿದ. ಕುಡಿದು, ಮತ್ತೆ ಕಪ್ಪು ಗಾಜು ಎತ್ತಿಕೊಂಡ.

ಈಗಲೂ ನಾನು ಹೋದರೆ ಎದ್ದು ಕುರ್ಚಿ ಕೊಡುತ್ತಾನೆ. ಮನೆಯಲ್ಲಿ ಏನೂ ಬದಲಾಗಿಲ್ಲ. ಮೊನ್ನೆ ಒಂದು ವ್ಯಾನಿನ ಟಾಪು ಬದಲಿಸುವ ಕೆಲಸ ಬಂದಿತ್ತು. ಎಲ್ಲೆಲ್ಲಿ ಆಧಾರ ಕೊಡಬೇಕೆಂದು ಅವನು ನನ್ನ ಎದುರಿಗೇ ಕುಮಟೆಯ ಯಾರಿಗೋ ಫೋನು ಮಾಡಿ ಕೇಳಿದ. ಫೋನು ಇಟ್ಟ ಮೇಲೆ ನಾನು, ಹಿಂದಿನ ಬಾಗಿಲಿಗೂ ಒಂದು ಪೈಪು ಬೇಕು ಎಂದೆ. ನಿಜವನ್ನೇ ಹೇಳಿದ್ದೆ. ಅವನು ತಲೆಯಾಡಿಸಿ, ಹೊರಗೆ ಹೋಗಿ ಕುಮಟೆಗೆ ಮತ್ತೆ ಫೋನು ಹಚ್ಚಿದ.