ಜವಾಬಿ ಕಾರ್ಡಿಗೆ ಉತ್ತರ ಕೊಡದವರು

ಮೊನ್ನೆ ನಮ್ಮ ಕಿರಿಯ ಮೊಮ್ಮಗಳು ಶಾಲೆಯ ಗ್ರಾಫ್ ಹಾಳೆ ಹರಡಿಕೊಂಡು ಕೂತಿದ್ದಳು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗೆರೆ ಕಂಡು, ಅವರೆಕಾಯಿ ಸುಲಿಯುತ್ತಿದ್ದ ನನ್ನ ಕೈ ನಿಂತಿತು. ಮಕ್ಕಳೇ, ಅಂಥದೊಂದು ಗೆರೆಯಲ್ಲಿ ನಿಮ್ಮ ಅಜ್ಜಿಯೂ ಇದ್ದಳು.

ಎಂಬತ್ತರ ದಶಕದ ಮೊದಲಲ್ಲಿ ನನಗೆ ಸ್ತನದ ಕ್ಯಾನ್ಸರಿಗೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಆ ಪದ ಬರೆಯಲು ಇಷ್ಟು ವರ್ಷ ಹಿಡಿಯಿತು ನೋಡಿ. ಆಮೇಲೆ ವರ್ಷಕ್ಕೊಮ್ಮೆ ನಮ್ಮೂರು ಪುರವರಕ್ಕೆ ಆಸ್ಪತ್ರೆಯಿಂದ, ಉತ್ತರ ಬರೆದು ಹಿಂದಕ್ಕೆ ಹಾಕುವ ಜವಾಬಿ ಕಾರ್ಡು ಬರುತ್ತಿತ್ತು: ಹೇಗಿದ್ದೀರಿ, ತಿಳಿಸಿ. ನಮ್ಮತ್ತೆ ಅದನ್ನು ಸೂರಿಗೆ ಸಿಕ್ಕಿಸಿಬಿಡುತ್ತಿದ್ದರು. "ಚೆಂದಾಗಿವ್ನಿ ಅಂತ ಬಾಯ್ಬುಟ್ಟು ಹೇಳ್‌ಬಾರ್ದು ಕಣಮ್ಮ, ದೃಷ್ಟಿ ಆಯ್ತದೆ." ನಾನು ಎದುರಾಡಿದವಳಲ್ಲ.

ಮೂರನೆಯ ವರ್ಷ ಭುಜ ನೋಯತೊಡಗಿತು. ಹೆದರಿ ನಿಮ್ಮ ತಾತನ ಜೊತೆ ಆಸ್ಪತ್ರೆಗೆ ಹೋದೆ. ಬರೀ ಒರಳು ತಿರುಗಿಸಿದ ನೋವಂತೆ! ಆದರೂ ತಲೆತಗ್ಗಿಸಿಯೇ ಕೇಳಿದೆ, "ಇನ್ನೆಷ್ಟು ದಿನ ಇರ್ತೀನಿ?"

ಡಾಕ್ಟರಮ್ಮ ಹಿಂಜರಿಯುತ್ತಲೇ ಒಂದು ಗೆರೆ ತೋರಿಸಿದರು. ಗಂಟಿನ ಅಳತೆ, ಕಂಕುಳಿಗೆ ಹಬ್ಬಿದ್ದು, ವಯಸ್ಸು ಎಲ್ಲ ಸೇರಿಸಿ, ನನ್ನಂಥವರು ಎಷ್ಟು ವರ್ಷ ಉಳಿಯುತ್ತಾರೆಂಬ ಅಂದಾಜು. ಮೂರನೆಯ ವರ್ಷಕ್ಕೆ ಗೆರೆ ದಡಕ್ಕನೆ ಬಿದ್ದಿತ್ತು.

"ಕಾರ್ಡಿಗೆ ಉತ್ತರ ಬರೆಯದವರನ್ನ ಹೋದವರು ಅಂತಲೇ ಹಿಡಿದಿದ್ದೀವಿ," ಎಂದರು.

"ಹಂಗಾದ್ರೆ ನಾನು?"

ಅವರು ಪಟ್ಟಿ ನೋಡಿ ನಾಲಿಗೆ ಕಚ್ಚಿಕೊಂಡರು. "ನೀವೂ ಹೋಗಿದ್ದೀರಿ."

ನಿಮ್ಮ ತಾತ ಸುಮ್ಮನಿರಲಿಲ್ಲ. "ಹಂಗಾದ್ರೆ ನೆನ್ನೆ ನಂಗೆ ಮುದ್ದೆ ಇಕ್ಕಿದ್ದು ಯಾರು?"

ನಾನೊಬ್ಬಳು ತಪ್ಪಾಗಿ ಸತ್ತಿದ್ದರೆ, ಇನ್ನು ಯಾರ್ಯಾರೋ? ವಾರ್ಡಿನಲ್ಲಿ ಅಕ್ಕಪಕ್ಕ ಮಲಗಿದ್ದವರ ಊರು ನನಗೆ ಗೊತ್ತಿತ್ತು. ಒಬ್ಬಳೇ ಬಸ್ಸು ಹತ್ತದ ನಾನು ಹೊಳವನಹಳ್ಳಿಗೆ ಹೋದೆ. ಸಿದ್ದಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು! ಬದುಕಿದ್ದೀನಿ ಅಂತ ಚೀಟಿಗೆ ಹೆಬ್ಬೆಟ್ಟು ಒತ್ತು ಎಂದೆ.

"ಬದುಕಿವ್ನಿ ಅಂತ ಬರ್ದುಕೊಟ್ರೆ ಯಮ ಓದ್ಕಂತಾನೆ, ಬುಡಮ್ಮ."

"ಡಾಕ್ಟ್ರಮ್ಮ ಇಂಗ್ಲಿಷ್ನಾಗೆ ಬರ್ಕಂತಾರೆ. ಯಮಂಗೆಲ್ಲಿ ಬತ್ತದೆ?"

ಮೊರ ಕೆಳಗಿಟ್ಟು ನಗುನಗುತ್ತಾ ಹೆಬ್ಬೆಟ್ಟು ಒತ್ತಿದಳು. ನಿಡುಗಲ್ಲಿನ ರಾಮಕ್ಕನೂ ಗಟ್ಟಿಯಾಗಿದ್ದಳು. ಶಿರಾದ ಖೈರುನ್‌ಬಿ ಮಾತ್ರ ನಿಜವಾಗಿಯೂ ಹೋಗಿದ್ದಳು. ಅದನ್ನೂ ಬರೆದು ಕಳಿಸಿದೆ.

ಮುಂದಿನ ಸಲ ಹೋದಾಗ ಡಾಕ್ಟರಮ್ಮ ಬೇರೆ ಊರುಗಳಿಗೂ ಆಳು ಕಳಿಸಿ, ಹೊಸ ಗೆರೆ ಎಳೆದಿದ್ದರು. ಮೂರನೆಯ ವರ್ಷದ ಹಳ್ಳ ಅರ್ಧ ಮುಚ್ಚಿತ್ತು. ಗೆರೆ ಮುಂದಿನ ವರ್ಷಗಳಿಗೂ ಹರಿದಿತ್ತು. ಆ ದಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ನಾನೇ ಕೇಳಿ ತೆಗೆದುಕೊಂಡೆ.

ಆದರೂ ನಿಮ್ಮನ್ನೆಲ್ಲ ಬಲಮಗ್ಗುಲಿಗೇ ಎಳೆದುಕೊಂಡು ಬೆಳೆಸಿದೆ. ಆಪರೇಷನ್ ಆದ ಎಡಗಡೆ ಬರಿದೆಂದು ತಿಳಿದೀತೆಂಬ ನಾಚಿಕೆ. ಮೊನ್ನೆ ಇದನ್ನೆಲ್ಲ ಹುಡುಗಿಗೆ ಹೇಳಿ, ಅವಳನ್ನು ಎಡಕ್ಕೆ ಕರೆದೆ. ತಲೆಯಿಟ್ಟು ಎದೆಗೆ ಕಿವಿಯೊತ್ತಿದಳು.

"ಅಜ್ಜಿ, ಈ ಕಡೆ ಎಷ್ಟು ಜೋರಾಗಿ ಬಡ್ಕೊಳ್ತಿದೆ!"