ನಾಲ್ಕು ಬೆರಳು ಎತ್ತಿದ ಲಾರಿ

ನಮ್ಮ ಸಾಲಿನ ಶೆಡ್ಡುಗಳಲ್ಲಿ ಬೆಣೆ ಮೇಸ್ತ್ರಿಯಷ್ಟು ಬಾಯಿಬಡುಕ ಇನ್ನೊಬ್ಬನಿರಲಿಲ್ಲ. ಅವನಷ್ಟು ಅಚ್ಚುಕಟ್ಟಾದ ಕೆಲಸಗಾರನೂ ಇರಲಿಲ್ಲ. ನನ್ನ ಲೇತ್ ಅವನ ಶೆಡ್ಡಿಗೆ ಅಂಟಿಕೊಂಡೇ ಇರುವುದರಿಂದ ಎರಡು ಮಾತನ್ನೂ ಆಣೆ ಮಾಡಿ ಹೇಳಬಲ್ಲೆ. ಹಳ್ಳದಿಣ್ಣೆಯ ದಾರಿಯಲ್ಲಿ ಹೊಟ್ಟೆ ಉಜ್ಜುವ ಲಾರಿಗಳನ್ನು ಎತ್ತರಿಸಿ ಕೊಡುವುದು ಅವನ ಕಸುಬು.

"ಎತ್ತೋದು ಯಾವ ಮಹಾ ವಿದ್ಯೆ? ಜಾಕಿ ಕೊಟ್ರೆ ನಮ್ಮತ್ತೇನೂ ಎತ್ತಾರೆ. ಎತ್ತಿದ ಮೇಲೆ ಶಾಫ್ಟಿನ ಗತಿ ಏನಾಯ್ತು ಅಂತ ಬಗ್ಗಿ ನೋಡ್ಬೇಕು" ಎನ್ನುತ್ತಿದ್ದ.

ಅವನು ಹೇಳುತ್ತಿದ್ದುದು ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದನೆಯ ಶಾಫ್ಟಿನ ಮಾತು. ಲಾರಿ ಮೇಲೇರಿದಷ್ಟೂ ಅದು ಓರೆಯಾಗುತ್ತದೆ. ಎರಡು ತುದಿಯ ಜಾಯಿಂಟುಗಳ ಓರೆ ಒಂದಕ್ಕೊಂದು ಹೊಂದದಿದ್ದರೆ ಗಾಡಿಯೆಲ್ಲ ನಡುಗುತ್ತದೆ, ಒಂದು ದಿನ ಜಾಯಿಂಟೇ ಮುರಿದು ಶಾಫ್ಟ್ ರಸ್ತೆಗೆ ಬೀಳುತ್ತದೆ. ಅದಕ್ಕೇ ಅವನು ಆಕ್ಸಲ್ಲಿಗೂ ಕಮಾನು ಪಟ್ಟಿಗೂ ನಡುವೆ ಕಬ್ಬಿಣದ ಬೆಣೆ ಸೇರಿಸಿ ಓರೆ ಸರಿಮಾಡುತ್ತಿದ್ದ. ಆ ಬೆಣೆ ಮಾಡಿಕೊಡುತ್ತಿದ್ದವನು ನಾನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ವಾಪಸು ಎಸೆಯುತ್ತಿದ್ದ. ಶಾಫ್ಟ್ ಬಿಚ್ಚುವ ಮೊದಲು ಬಣ್ಣದ ಗೀಟು ಎಳೆದು, ಇದ್ದ ಹಾಗೇ ಮತ್ತೆ ಕೂರಿಸುತ್ತಿದ್ದ. ಚಕ್ರ ನೆಲಕ್ಕೆ ಊರಿ ಭಾರ ಬಿದ್ದ ಮೇಲಷ್ಟೇ ಓರೆ ಅಳೆಯುತ್ತಿದ್ದ. ಕೊನೆಯದಾಗಿ ಒಂದು ಸ್ಟೀಲ್ ಲೋಟಕ್ಕೆ ನೀರು ಹಾಕಿ ಕ್ಯಾಬಿನ್ನಿನ ನೆಲದ ಮೇಲಿಟ್ಟು ನೇರ ರಸ್ತೆಯಲ್ಲಿ ಓಡಿಸುತ್ತಿದ್ದ. ನೀರಿನ ಮೇಲೆ ಬಳೆ ಬಳೆಯಾಗಿ ಅಲೆ ಎದ್ದರೆ ಮತ್ತೆ ಲಾರಿ ಕೆಳಗೆ ತೂರುತ್ತಿದ್ದ.

ಒಂದು ದಿನ ಅವನ ಅಣ್ಣನೇ ಲಾರಿ ತಂದು ನಿಲ್ಲಿಸಿದ. ಅಪ್ಪ ತೀರಿಕೊಂಡ ಮೇಲೆ ಮೇಸ್ತ್ರಿಯನ್ನು ಸಾಕಿ ಸಲಹಿದವನು ಈ ಅಣ್ಣ. ಕಲ್ಲು ಕ್ವಾರಿಗೆ ಓಡುವ ಲಾರಿ ಅವನದು. ಸ್ಟೇರಿಂಗ್ ಬಿಟ್ಟರೆ ಬೇರೆ ಬದುಕು ಗೊತ್ತಿಲ್ಲದ ಮನುಷ್ಯ, ಮಾತು ಕಡಿಮೆ.

"ನಾಲ್ಕು ಬೆರಳು ಎತ್ತು ಕಣೋ, ಸಾಕು" ಎಂದ.

ಮೇಸ್ತ್ರಿ ಎತ್ತಿದ. ವಾರದಲ್ಲೇ ಅಣ್ಣ ತಿರುಗಿ ಬಂದು, ಭಾರ ಹೇರಿ ಹೊರಟಾಗ ಗಾಡಿ ನಡುಗುತ್ತದೆ ಎಂದ. ಅದು ನಿಜವೇ ಆಗಿತ್ತು. ಮೇಸ್ತ್ರಿ ನನ್ನಿಂದ ಹೊಸ ಬೆಣೆ ಮಾಡಿಸಿ ಹಾಕಿದ, ನಡುಕ ನಿಂತಿತು. ಆದರೆ ತಿಂಗಳಾಗುವಷ್ಟರಲ್ಲಿ ಅಣ್ಣ ಮತ್ತೆ ಬಂದ. ಸ್ಟೇರಿಂಗ್ ಹಿಡಿದರೆ ಕೈಗೆ ನಡುಕ ಬರುತ್ತದಂತೆ. ಮೇಸ್ತ್ರಿ ಜಾಯಿಂಟ್ ಬದಲಿಸಿದ, ಶಾಫ್ಟಿನ ನಡುವೆ ಅದನ್ನು ಹಿಡಿದಿಡುವ ಬೇರಿಂಗನ್ನು ಸ್ವಲ್ಪ ಕೆಳಗಿಳಿಸಿ ಕಟ್ಟಿದ. ಅಣ್ಣ ಮೂರನೆಯ ಸಲವೂ ಅದೇ ದೂರು ತಂದಾಗ ಮೇಸ್ತ್ರಿಗೆ ರೇಗಿತು. ಕೆಲಸದಲ್ಲಿ ತಪ್ಪಿದೆ ಅಂದರೆ ಹೆತ್ತ ತಾಯಿಯನ್ನೂ ಬಿಡುವವನಲ್ಲ ಅವನು.

"ಬಾ ಅಣ್ಣ, ಇವತ್ತು ಇತ್ಯರ್ಥ ಆಗೇಬಿಡ್ಲಿ" ಎಂದು ಲೋಟ ಇಟ್ಟು, ತಾನೇ ಓಡಿಸಿಕೊಂಡು ಹೋಗಿ ಬಂದ. ನೀರು ಅಲುಗಿರಲಿಲ್ಲ. ಟಯರಿನವನು, ಪೇಂಟಿನವನು, ನಾನು, ಎಲ್ಲರೂ ಕೆಲಸ ಬಿಟ್ಟು ಸುತ್ತ ನಿಂತಿದ್ದೆವು. ಮೇಸ್ತ್ರಿ ಲೋಟವನ್ನು ಅಣ್ಣನ ಕೈಗೆ ಕೊಟ್ಟ.

"ನೀನೇ ಹಿಡ್ಕೊಂಡು ನೋಡು. ಎಲ್ಲಿದೆ ನಡುಕ?"

ಅಣ್ಣ ಹಿಡಿದ. ನೀರು ತುಳುಕಿ ಅವನ ಅಂಗಿಯ ತೋಳೆಲ್ಲ ಒದ್ದೆಯಾಯಿತು.

"ನೋಡ್ರಪ್ಪಾ! ನಡುಕ ಲಾರೀಲಿಲ್ಲ, ನಮ್ಮಣ್ಣನ ಕೈಯಲ್ಲಿದೆ. ಇದಕ್ಕೆ ಯಾವ ಬೆಣೆ ಹಾಕ್ಲಿ?" ಎಂದ ಮೇಸ್ತ್ರಿ.

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಣ್ಣನೂ ನಕ್ಕ. ಲೋಟ ಕೆಳಗಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಲಾರಿ ಹತ್ತಿದ. ಆಮೇಲೆ ಯಾವ ದೂರೂ ಬರಲಿಲ್ಲ. ಮೇಸ್ತ್ರಿಗೆ ಗೆದ್ದೆನೆಂಬ ಹಿಗ್ಗು. ಆ ಕಥೆಯನ್ನು ಬಂದ ಗಿರಾಕಿಗಳಿಗೆಲ್ಲ ಹೇಳಿ ನಗಿಸುತ್ತಿದ್ದ.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅವನ ಅತ್ತಿಗೆ ಶೆಡ್ಡಿಗೆ ಬಂದರು. ಅಣ್ಣ ರಿವರ್ಸ್ ತೆಗೆಯುವಾಗ ಕ್ವಾರಿಯ ಗೋಡೆಗೆ ಲಾರಿ ಗುದ್ದಿದ್ದನಂತೆ. ಯಾರಿಗೂ ಏಟಾಗಿರಲಿಲ್ಲ. ಆದರೆ ಅವನೇ ಹೆದರಿ ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟು ಕೂತುಬಿಟ್ಟಿದ್ದ.

"ಅವರ ಅಂಗಿ ಗುಂಡಿ ನಾನೇ ಹಾಕ್ತಿದ್ದೀನಿ, ಎಷ್ಟೋ ತಿಂಗಳಾಯ್ತು" ಎಂದರು ಅತ್ತಿಗೆ. "ಡಾಕ್ಟರ ಹತ್ರ ಈಗ ಹೋದ್ವಿ. ಇದು ನರದ ಕಾಯಿಲೆಯಂತೆ, ಪೂರ್ತಿ ವಾಸಿಯಾಗಲ್ವಂತೆ. ಮಾತ್ರೆ ತಗೊಂಡ್ರೆ ಹತೋಟೀಲಿರುತ್ತೆ, ಮೊದಲೇ ಬಂದಿದ್ರೆ ಇಷ್ಟು ದಿನ ಒದ್ದಾಡಬೇಕಿರ್ಲಿಲ್ಲ ಅಂದ್ರು. ಯಾಕೆ ಹೇಳ್ಲಿಲ್ಲ ಅಂತ ಕೇಳಿದ್ರೆ, 'ಹೇಳಿದ್ದೆ, ಎಲ್ಲರೂ ನಕ್ಕರು' ಅಂತಾರೆ."

ಬೆಣೆ ಮೇಸ್ತ್ರಿಯ ಬಾಯಿ ಕಟ್ಟಿದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. ಅತ್ತಿಗೆಯನ್ನು ರಸ್ತೆಯವರೆಗೆ ಬಿಟ್ಟು ಬಂದ. ಕೊನೆಗೆ, "ಮೂರು ಸಲ ಲಾರಿ ಕೆಳಗೆ ತೂರಿದೆ. ಒಂದು ಸಲ ಎದುರಿಗೆ ನಿಂತು ಅವನ ಕೈ ನೋಡ್ಲಿಲ್ಲ" ಎಂದ. ಅವತ್ತು ನಕ್ಕವರಲ್ಲಿ ನಾನೂ ಒಬ್ಬ.

ಲಾರಿಯನ್ನು ಬೇರೆ ಯಾರೋ ಕೊಂಡರು. ಕೊಂಡವನು ಆಯಿಲ್ ಬದಲಿಸಲು ಇಲ್ಲಿಗೇ ಬಂದು, "ಎಂಥಾ ಕೆಲಸ ಮಾಡಿದ್ದೀರಾ ಮೇಸ್ತ್ರಿ, ಕೈ ಬಿಟ್ಟರೂ ಸ್ಟೇರಿಂಗ್ ಅಲುಗಲ್ಲ" ಎಂದು ಹೊಗಳಿದ. ಹಾಗೆ ಹೊಗಳಿಸಿಕೊಳ್ಳಲು ಮೊದಲೆಲ್ಲ ಎದೆಯುಬ್ಬಿಸಿ ನಿಲ್ಲುತ್ತಿದ್ದವನು, ಅವತ್ತು ಕೂಲಿಯನ್ನೂ ಕೇಳದೆ ಒಳಗೆ ಹೋದ.

ಈಗ ಭಾನುವಾರ ತಪ್ಪದೆ ಅಣ್ಣನ ಮನೆಗೆ ಹೋಗುತ್ತಾನೆ. ಹಿಂದಿನ ವಾರ ನನ್ನನ್ನೂ ಕರೆದುಕೊಂಡು ಹೋಗಿದ್ದ. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಅಣ್ಣ ಕೂತಿದ್ದ. ಮಾತ್ರೆ ನುಂಗುವ ಹೊತ್ತಾಗಿತ್ತು. ಮೇಸ್ತ್ರಿ ಚೆಲ್ಲದಿರಲೆಂದು ಅರ್ಧ ಲೋಟ ನೀರು ತಂದ. ಅಣ್ಣ ಲೋಟದೊಳಗೆ ಇಣುಕಿ ನೋಡಿದ.

"ಪೂರ್ತಿ ತುಂಬು ಕಣೋ. ಚೆಲ್ಲಿದ್ರೆ ಶಾಫ್ಟ್ ಸರಿಯಿಲ್ಲ ಅನ್ನೋಣ."

ಮೇಸ್ತ್ರಿಗೆ ನಗಲಾಗಲಿಲ್ಲ. "ಅವತ್ತು ಬೈಯಬಾರದಿತ್ತಾ ಅಣ್ಣ ನನಗೆ?" ಎಂದ.

"ಬೈಯೋದೇನು ಬಂತು. ಲಾರೀದೇ ಆಗಿರ್ಲಿ ಅಂತ ಆಸೆ ಇತ್ತು. ನಿನ್ನ ಕೈಲಿ ಸರಿಹೋಗುತ್ತಲ್ಲ, ಅದಕ್ಕೇ ಮತ್ತೆ ಮತ್ತೆ ತರ್ತಿದ್ದೆ."

ಮೇಸ್ತ್ರಿ ಒಳಗೆ ಹೋಗಿ ಲೋಟ ತುಂಬಿಸಿಕೊಂಡು ಬಂದ. ಕೊಡುವಾಗ ಅವನ ಕೈಯೇ ನಡುಗಿ, ನೀರು ಇಬ್ಬರ ಮೇಲೂ ಚೆಲ್ಲಿತು.